ಬೆಂಚಿನ ಮೇಲೊಂದು ಜಾಗ: ಕೊಚ್ಚಿಯ ಸಿನಗಾಗ್‌ನಲ್ಲಿ ಎ. ಬಿ. ಸೇಲಂ ಹೂಡಿದ ಸತ್ಯಾಗ್ರಹ

ಕೊಚ್ಚಿಗೆ ಪ್ರವಾಸ ಹೋದವರು ಮಟ್ಟಂಚೇರಿಯ ಪರದೇಸಿ ಸಿನಗಾಗ್, ಅಂದರೆ ಯೆಹೂದಿಗಳ ಪ್ರಾರ್ಥನಾ ಮಂದಿರ, ನೋಡದೆ ಬರುವುದು ಕಡಿಮೆ. 1568ರಲ್ಲಿ ಕಟ್ಟಿದ್ದು. ರಾಜರ ಅರಮನೆಗೆ ಒತ್ತಿಕೊಂಡೇ ಇದೆ. ನೆಲಕ್ಕೆ ಚೀನಾದಿಂದ ತರಿಸಿದ ನೀಲಿ-ಬಿಳಿ ಟೈಲ್ಸ್, ಮೇಲೆ ತೂಗುವ ಗಾಜಿನ ದೀಪಗಳು, ನಡುವೆ ಹಿತ್ತಾಳೆ ಕಂಬಿಗಳ ಪೀಠ. ಚಪ್ಪಲಿ ಹೊರಗೆ ಬಿಟ್ಟೇ ಒಳಗೆ ಹೋಗಬೇಕು. ಅಂದಚಂದದ ಬಗ್ಗೆ ಬೇಕಾದಷ್ಟು ಜನ ಬರೆದಿದ್ದಾರೆ. ನನಗೆ ಬೇಕಿರುವುದು ಆ ಗೋಡೆಗಳ ಒಳಗೆ ಹಲವು ವರ್ಷ ನಡೆದ ಒಂದು ಜಗಳ. ಬೆಂಚಿನ ಮೇಲೆ ಯಾರು ಕೂರಬೇಕು, ನೆಲದ ಮೇಲೆ ಯಾರು ಕೂರಬೇಕು ಅನ್ನುವ ಜಗಳ.

ಯೆಹೂದಿ ಸಮುದಾಯಗಳಲ್ಲಿ ಸಂಬಳವಿಲ್ಲದೆ ದುಡಿಯುವ ಮುಂದಾಳುಗಳ ಮಾತು ಬಂದರೆ ಸಾಮಾನ್ಯವಾಗಿ ಅಮೆರಿಕದ ಮೆನ್ಸ್ ಕ್ಲಬ್‌ಗಳ ಕಡೆ ಕೈ ತೋರಿಸುತ್ತಾರೆ. ಅಲ್ಲಿ ಸುಧಾರಣಾ ಪಂಥದ ಗಂಡಸರ ಸಂಘಗಳು 1923ರಲ್ಲಿ ಒಂದು ಒಕ್ಕೂಟ ಮಾಡಿಕೊಂಡವು. ಕನ್ಸರ್ವೇಟಿವ್ ಪಂಥದವರು 1929ರಲ್ಲಿ ಮಾಡಿಕೊಂಡರು. ಭಾನುವಾರದ ತಿಂಡಿ ಕೂಟ, ಸುಕ್ಕೋತ್ ಹಬ್ಬಕ್ಕೆ ಚಪ್ಪರ ಹಾಕುವುದು, ದೊಡ್ಡ ಹಬ್ಬಗಳಲ್ಲಿ ಬಾಗಿಲಲ್ಲಿ ನಿಂತು ಬಂದವರನ್ನು ಕೂರಿಸುವುದು, ನಾಜಿಗಳು ಕೊಂದವರ ನೆನಪಿಗೆ ಮನೆಮನೆಗೆ ಹಳದಿ ಮೇಣದಬತ್ತಿ ಕಳಿಸುವುದು, ಇಂಥ ಕೆಲಸಗಳು ಅವರವು. ಒಳ್ಳೆಯ ಕೆಲಸಗಳೇ. ಆದರೆ ಅಲ್ಲಿ ಸಂಬಳದ ರಬ್ಬಿ, ಅಂದರೆ ಧರ್ಮಗುರು, ಇರುತ್ತಾರೆ. ಏನಾದರೂ ತಕರಾರು ಬಂದರೆ ಎಲ್ಲರೂ ಅವರ ಮುಖ ನೋಡಬಹುದು.

ಕೊಚ್ಚಿಯಲ್ಲಿ ನೋಡಲು ಅಂಥ ಮುಖವೇ ಇರಲಿಲ್ಲ. ಹಾಗಾಗಿ ನಾನು ಅಮೆರಿಕ ಬಿಟ್ಟು ಇಲ್ಲಿಗೆ ಬಂದೆ. ಪೂರ್ತಿ ಊರ ಗಂಡಸರೇ ನಡೆಸಿಕೊಂಡು ಹೋಗುವ ಪ್ರಾರ್ಥನಾ ಮಂದಿರದಲ್ಲಿ ಒಂದು ಅನ್ಯಾಯ ಬೇರುಬಿಟ್ಟರೆ ಅದನ್ನು ಕೀಳುವವರು ಯಾರು, ಹೇಗೆ? ಅಂಥ ಅನ್ಯಾಯಕ್ಕೆ ಎದುರು ನಿಂತ ವಕೀಲ ಎ. ಬಿ. ಸೇಲಂ ಅವರ ಪ್ರಕರಣ ಇದಕ್ಕೆ ಕೊಡುವ ಉತ್ತರ ಅಷ್ಟೇನೂ ಸುಲಭದ್ದಲ್ಲ.

ಆಡಳಿತ ಯಾರ ಕೈಯಲ್ಲಿತ್ತು

ಯೆಹೂದಿ ಸಾಮೂಹಿಕ ಪ್ರಾರ್ಥನೆಗೆ ಗುರು ಬೇಕೇಬೇಕು ಅಂತೇನಿಲ್ಲ. ಬೇಕಾಗುವುದು ಹದಿಮೂರು ದಾಟಿದ ಹತ್ತು ಗಂಡಸರು. ಇದನ್ನು ಮಿನ್ಯಾನ್ ಅನ್ನುತ್ತಾರೆ. ಆ ಹತ್ತರಲ್ಲಿ ಹೀಬ್ರೂ ಚೆನ್ನಾಗಿ ಬಲ್ಲ ಯಾರಾದರೂ ಮುಂದೆ ನಿಂತು ನಡೆಸಬಹುದು. ಕೊಚ್ಚಿಯ ಯೆಹೂದಿಗಳು ಶತಮಾನಗಳ ಕಾಲ ಹೀಗೇ ನಡೆಸಿಕೊಂಡು ಬಂದರು. ವಿಧಿಪೂರ್ವಕವಾಗಿ ರಬ್ಬಿ ಪಟ್ಟ ಪಡೆದ ಸ್ಥಳೀಯ ಗುರುಗಳು ಅವರಲ್ಲಿ ಇರಲಿಲ್ಲ. ವ್ಯಾಪಾರಿಗಳು, ಗುಮಾಸ್ತರು, ಮನೆಯ ಹಿರಿಯರು ಸೇರಿ ಪ್ರಾರ್ಥನೆ, ಲೆಕ್ಕಪತ್ರ, ಹಬ್ಬ, ಮದುವೆ, ಸಾವು ಎಲ್ಲ ನೋಡಿಕೊಂಡರು.

ಕೇಳಲು ಚೆನ್ನಾಗಿದೆ ಅಲ್ವಾ? ಅರ್ಚಕರ ಅಧಿಕಾರವಿಲ್ಲ, ಎಲ್ಲರೂ ಸಮಾನರು. ಆದರೆ ನಮ್ಮೂರ ದೇವಸ್ಥಾನದ ಕಮಿಟಿಯಲ್ಲಿ ಒಮ್ಮೆಯಾದರೂ ಕೂತವರಿಗೆ ಗೊತ್ತು, ಸಂಬಳ ಇಲ್ಲದ ಅಧಿಕಾರವೇ ಗಟ್ಟಿ ಅಧಿಕಾರ. ಬೀಗದ ಕೈ ಯಾರ ಸೊಂಟದಲ್ಲಿದೆಯೋ ಪದ್ಧತಿಯೂ ಅವರದ್ದೇ.

ಪರದೇಸಿ ಸಿನಗಾಗ್‌ನಲ್ಲಿ ಪೂರ್ತಿ ಹಕ್ಕಿನ ಸದಸ್ಯರನ್ನು ಯೆಹಿದಿಂ ಎಂದು ಕರೆಯುತ್ತಿದ್ದರು. ಸ್ಪೇನ್, ಬಾಗ್ದಾದ್, ಅಲೆಪ್ಪೊ ಮುಂತಾದ ಕಡೆಗಳಿಂದ ಬಂದ ಮನೆತನಗಳವರು ಇವರು. ಇವರೇ ಪರದೇಸಿಗಳು. ಊರಲ್ಲಿ 'ಬಿಳಿ ಯೆಹೂದಿಗಳು' ಅಂತ ಹೆಸರು. ಕೇರಳದಲ್ಲಿ ಇವರಿಗಿಂತ ತುಂಬಾ ಹಿಂದಿನಿಂದಲೂ ಇದ್ದ ಮಲಬಾರಿ ಯೆಹೂದಿಗಳು ಬೇರೆ. ಅವರ ಸಿನಗಾಗ್‌ಗಳೂ ಬೇರೆ. ಈ ಎರಡು ಗುಂಪುಗಳ ನಡುವೆ ಸಂಬಂಧ ಬೆಳೆಸುವ ಮಾತೇ ಇರಲಿಲ್ಲ. ಅದು ಇನ್ನೊಂದು ದೊಡ್ಡ ಕಥೆ, ಇಲ್ಲಿ ಬೇಡ.

ನಮಗೆ ಬೇಕಾದವರು ಮೂರನೆಯವರು. ಪರದೇಸಿ ಮನೆಗಳಲ್ಲಿ ಹಿಂದೊಮ್ಮೆ ಗುಲಾಮರಾಗಿದ್ದು ಬಿಡುಗಡೆಯಾದವರು, ಅವರ ಮಕ್ಕಳು, ಮೊಮ್ಮಕ್ಕಳು. ಇವರನ್ನು ಮೆಶುಹ್ರರಿಂ ಅನ್ನುತ್ತಿದ್ದರು. ಇವರೂ ಅದೇ ಬೀದಿಯವರು, ಅದೇ ಪ್ರಾರ್ಥನೆಯವರು. ಅದೇ ಹಬ್ಬಗಳನ್ನು ಅದೇ ಕಟ್ಟುನಿಟ್ಟಿನಿಂದ ಮಾಡುವವರು. ಆದರೆ ಸಿನಗಾಗ್‌ನಲ್ಲಿ ಬೆಂಚಿನ ಮೇಲೆ ಕೂರುವಂತಿಲ್ಲ. ಬಾಗಿಲ ಬಳಿ, ನೆಲದ ಮೇಲೆ ಇವರ ಜಾಗ. ಸಬ್ಬತ್ ದಿನ, ಅಂದರೆ ಶನಿವಾರ, ಯೆಹೂದಿಗಳ ಧರ್ಮಗ್ರಂಥ ಟೋರಾ ಓದಲು ಏಳು ಜನರನ್ನು ಒಬ್ಬೊಬ್ಬರಾಗಿ ಹೆಸರು ಹಿಡಿದು ಕರೆಯುತ್ತಾರೆ. ಆ ಕರೆ ಇವರಿಗೆ ಬರುವುದಿಲ್ಲ. ಬಿಳಿಯರ ಮನೆಗಳಿಗೆ ಹೆಣ್ಣು ಕೊಟ್ಟು ತರುವಂತಿಲ್ಲ. ಸತ್ತ ಮೇಲೆ ಮಣ್ಣಿನಲ್ಲೂ ಬೇರೆ ಜಾಗ.

ಟೋರಾ ಓದಲು ಕರೆಯುವುದು ಎಷ್ಟು ದೊಡ್ಡದು ಅನ್ನುವುದು ಹೊರಗಿನವರಿಗೆ ತಟ್ಟನೆ ಹೊಳೆಯುವುದಿಲ್ಲ. ಕೊಚ್ಚಿಯಲ್ಲಿ ಟೋರಾ ಸುರುಳಿಗಳನ್ನು ಬೆಳ್ಳಿ, ಚಿನ್ನದ ತಗಡು ಹೊದಿಸಿದ ಗಟ್ಟಿ ಕರಂಡಗಳಲ್ಲಿ ಇಡುತ್ತಾರೆ. ಮೇಲೊಂದು ಕಿರೀಟ. ತಿರುವಾಂಕೂರಿನ ಮಹಾರಾಜರು 1805ರಲ್ಲಿ ಚಿನ್ನದ ಕಿರೀಟವೊಂದನ್ನು ಕೊಟ್ಟಿದ್ದರು. ಹೆಸರು ಕರೆದಾಗ ಎದ್ದು ಹೋಗಿ, ಆ ಸುರುಳಿಯ ಮುಂದೆ ನಿಂತು, ಎಲ್ಲರಿಗೂ ಕೇಳುವಂತೆ ಆಶೀರ್ವಾದದ ಸಾಲು ಹೇಳುವುದೆಂದರೆ 'ಇವನು ನಮ್ಮವನು' ಅಂತ ಊರೆಲ್ಲ ಒಪ್ಪಿದಂತೆ. ಹುಡುಗ ದೊಡ್ಡವನಾದ ಅನ್ನುವುದು ಗೊತ್ತಾಗುವುದು ಅಲ್ಲೇ. ಮದುವೆ ಗಂಡಿಗೆ ಮರ್ಯಾದೆ ಸಿಗುವುದೂ ಅಲ್ಲೇ. ಒಬ್ಬ ಮನುಷ್ಯನ ಹೆಸರನ್ನು ಬದುಕಿಡೀ ಕರೆಯದೆ ಉಳಿಸುವುದು ಅಂದರೆ ಅವನಿಗೆ ವಾರಕ್ಕೊಮ್ಮೆ ಅವಮಾನ ಮಾಡಿದ ಹಾಗೆ.

ಇದಕ್ಕೆ ಧರ್ಮಶಾಸ್ತ್ರದ ಆಧಾರ ಇತ್ತೇ? ಇರಲಿಲ್ಲ. ಇಂಥದ್ದೇ ಒಂದು ಜಗಳ 16ನೇ ಶತಮಾನದಲ್ಲೇ ಕೊಚ್ಚಿಯಿಂದ ಕೈರೋದವರೆಗೆ ಹೋಗಿತ್ತು. ಅಲ್ಲಿದ್ದ ದೊಡ್ಡ ಪಂಡಿತ ರಬ್ಬಿ ಡೇವಿಡ್ ಇಬ್ನ್ ಝಿಮ್ರಾ ಉತ್ತರ ಬರೆದರು. ಅನುಮಾನ ಇದ್ದರೆ ವಿಧಿಯಂತೆ ನೀರಿನಲ್ಲಿ ಮುಳುಗಿ ಏಳಲಿ, ಆಮೇಲೆ ಅವರೂ ಎಲ್ಲರಂತೆ ಯೆಹೂದಿಗಳೇ, ಮದುವೆಗೂ ಅಡ್ಡಿಯಿಲ್ಲ ಅನ್ನುವುದು ಅದರ ತಿರುಳು. ಅವರ ನಂತರ ಇನ್ನೊಬ್ಬ ರಬ್ಬಿಯೂ ಹೆಚ್ಚುಕಡಿಮೆ ಹೀಗೇ ಹೇಳಿದರು. ಉತ್ತರಗಳು ಬಂದವು. ಬಂದಲ್ಲೇ ಉಳಿದವು. ಜಾರಿ ಮಾಡುವವರು ಯಾರು? ಯಾರ ಅನುಕೂಲಕ್ಕೆ ಆ ಕಟ್ಟಳೆ ಇತ್ತೋ ಆ ಹಿರಿಯರೇ ಅಲ್ವಾ ಜಾರಿ ಮಾಡಬೇಕಿದ್ದವರು!

ಸೇಲಂ ಬರುವ ಮೊದಲೂ ಪ್ರಯತ್ನ ನಡೆದಿತ್ತು. 19ನೇ ಶತಮಾನದಲ್ಲಿ ಒಂದಷ್ಟು ಮೆಶುಹ್ರರಿಂ ಕುಟುಂಬಗಳು ಬೇಸತ್ತು ಯೆಹೂದಿ ಬೀದಿ ಬಿಟ್ಟು, ಬ್ರಿಟಿಷರ ಆಡಳಿತದಲ್ಲಿದ್ದ ಫೋರ್ಟ್ ಕೊಚ್ಚಿಗೆ ಹೋಗಿ, ತಮ್ಮ ಪಾಡಿಗೆ ಪ್ರಾರ್ಥನೆ ಶುರುಮಾಡಿಕೊಂಡರು. ಅದು ನಿಲ್ಲಲಿಲ್ಲ. ವಾಪಸ್ ಬರಬೇಕಾಯಿತು. ಅದೇ ನೆಲ, ಅದೇ ಬಾಗಿಲು.

ವಕೀಲರು ಏನು ಮಾಡಿದರು

ಅಬ್ರಹಾಂ ಬರಾಕ್ ಸೇಲಂ ಹುಟ್ಟಿದ್ದು 1882ರಲ್ಲಿ, ಇಂಥದ್ದೇ ಒಂದು ಮೆಶುಹ್ರರಿಂ ಕುಟುಂಬದಲ್ಲಿ. ಎರ್ನಾಕುಲಂನ ಮಹಾರಾಜಾಸ್ ಕಾಲೇಜಿನಲ್ಲಿ ಓದಿ, ಮದ್ರಾಸಿಗೆ ಹೋಗಿ ಕಾನೂನು ಕಲಿತು ಬಂದರು. ಅವರ ಜನರಲ್ಲಿ ಡಿಗ್ರಿ ಪಡೆದು ವಕೀಲರಾದ ಮೊದಲಿಗರು ಅವರು. ಎರ್ನಾಕುಲಂನಲ್ಲಿ ವಕೀಲಿಕೆ ಮಾಡಿದರು. ಕಾರ್ಮಿಕ ಸಂಘಗಳ ಪರ ನಿಂತರು. 1925ರಿಂದ 1931ರವರೆಗೆ, ಮತ್ತೆ 1939ರಿಂದ 1945ರವರೆಗೆ ಕೊಚ್ಚಿ ಸಂಸ್ಥಾನದ ಶಾಸನ ಸಭೆಯಲ್ಲಿ ಕೂತರು.

ಗಮನಿಸಿ, ಶಾಸನ ಸಭೆಯಲ್ಲಿ ಕುರ್ಚಿ ಇದೆ. ತಾನು ಹುಟ್ಟಿದ ಬೀದಿಯ ಸಿನಗಾಗ್‌ನಲ್ಲಿ ಬೆಂಚು ಇಲ್ಲ.

1929ರ ಕೊನೆಗೆ ಅವರು ಲಾಹೋರ್ ಕಾಂಗ್ರೆಸ್ ಅಧಿವೇಶನಕ್ಕೆ ಹೋಗಿದ್ದರು. ಪೂರ್ಣ ಸ್ವರಾಜ್ಯದ ನಿರ್ಣಯ ಆದದ್ದು ಅಲ್ಲೇ. ಅದೇ ವರ್ಷ ಅವರು ಒಂದು ಪುಸ್ತಿಕೆ ಅಚ್ಚು ಹಾಕಿಸಿದರು. ಯಾವುದರ ಬಗ್ಗೆ? ಇದೇ ಪರದೇಸಿ ಸಿನಗಾಗ್ ಬಗ್ಗೆ. ನನಗೆ ಇದು ಇಡೀ ಪ್ರಕರಣದ ಕೀಲಿಯಂತೆ ಕಾಣುತ್ತದೆ. ಸಿಟ್ಟು ಬಂದವನು ಕಟ್ಟಡಕ್ಕೆ ಬೆನ್ನು ಹಾಕುತ್ತಾನೆ. ಇಲ್ಲವೇ ಬೈದು ಬರೆಯುತ್ತಾನೆ. ಸೇಲಂ ಅದರ ಚರಿತ್ರೆ ಬರೆಯಲು ಕೂತರು. ಈ ಸಿನಗಾಗ್ ನನ್ನದೂ ಹೌದು, ನಾನು ಇದರ ಮಗ, ಹೊರಗಿನವನಲ್ಲ ಅಂತ ಹೇಳಲು ಇದಕ್ಕಿಂತ ಗಟ್ಟಿ ದಾರಿ ಬೇರೆ ಇರಲಿಕ್ಕಿಲ್ಲ.

ಆಗಿನ ಕೇರಳದ ಗಾಳಿಯೂ ಅಂಥದ್ದೇ. 1924-25ರಲ್ಲಿ ವೈಕಂ ಸತ್ಯಾಗ್ರಹ ನಡೆದಿತ್ತು. ದೇವಸ್ಥಾನದ ಸುತ್ತಲಿನ ರಸ್ತೆಯಲ್ಲಿ ಕೆಳಜಾತಿಯವರು ನಡೆಯಬಾರದು ಅನ್ನುವುದರ ವಿರುದ್ಧ. ಗಾಂಧೀಜಿಯೇ ಬಂದು ಹೋಗಿದ್ದರು. 1931-32ರಲ್ಲಿ ಗುರುವಾಯೂರು ದೇವಸ್ಥಾನ ಪ್ರವೇಶದ ಸತ್ಯಾಗ್ರಹ. 1936ರಲ್ಲಿ ತಿರುವಾಂಕೂರಿನಲ್ಲಿ ದೇವಸ್ಥಾನ ಪ್ರವೇಶದ ಘೋಷಣೆ. ಸುತ್ತಲೂ ಇಷ್ಟೆಲ್ಲ ನಡೆಯುವಾಗ ಯೆಹೂದಿ ಬೀದಿ ಮಾತ್ರ ಬಾಗಿಲು ಹಾಕಿಕೊಂಡು ಕೂರಲು ಆಗುತ್ತಿರಲಿಲ್ಲ.

ಸೇಲಂ ಮಾಡಿದ್ದು ಏನು ಅಂತ ಒಂದೊಂದಾಗಿ ನೋಡೋಣ. ಸ್ವಲ್ಪ ಕಾಲ ಸಿನಗಾಗ್‌ಗೆ ಹೋಗುವುದನ್ನೇ ಬಿಟ್ಟರು. ಬಹಿಷ್ಕಾರ. ಅದರಿಂದ ಜಾಸ್ತಿ ಏನೂ ಆಗಲಿಲ್ಲ. ಬರದಿರುವವರನ್ನು ಕಂಡರೆ ಹಿರಿಯರಿಗೆ ಏನು ಕಷ್ಟ? ಆರಾಮ. ಆಮೇಲೆ ಅವರು ಉಲ್ಟಾ ದಾರಿ ಹಿಡಿದರು. ಹೋಗುವುದು. ಹೋಗಿ ಎಲ್ಲರ ಕಣ್ಣಿಗೆ ಬೀಳುವಂತೆ ಕೂರುವುದು. ಮೆಟ್ಟಿಲ ಮೇಲೆ ಕೂತರೆ ಒಳಗೆ ಹೋಗುವ ಪ್ರತಿಯೊಬ್ಬರೂ ಅವರನ್ನು ದಾಟಿಯೇ ಹೋಗಬೇಕು. ಅವರ ಮಕ್ಕಳೂ ಸೇರಿಕೊಂಡರು. ಕೂರಬಾರದು ಅಂದ ಬೆಂಚಿನ ಮೇಲೆ ಹುಡುಗರು ಹೋಗಿ ಕೂತುಬಿಡುತ್ತಿದ್ದರು. ಪ್ರಾರ್ಥನೆ ನಡೆಯುವಾಗ ಮಕ್ಕಳನ್ನು ರಟ್ಟೆ ಹಿಡಿದು ಎಬ್ಬಿಸುವುದು ಯಾರಿಗೂ ಚೆನ್ನಾಗಿ ಕಾಣುವ ಕೆಲಸ ಅಲ್ಲ.

ಒಂದು ವಿಷಯ ಅವರು ಮಾಡಲಿಲ್ಲ. ಬೇರೆ ಸಿನಗಾಗ್ ಕಟ್ಟಲು ಹೋಗಲಿಲ್ಲ. ಹಿಂದಿನವರ ಫೋರ್ಟ್ ಕೊಚ್ಚಿ ಅನುಭವ ಕಣ್ಣ ಮುಂದೆಯೇ ಇತ್ತು. ಇದು ಬರೀ ಹುಷಾರಿತನ ಅಂತ ನನಗೆ ಅನಿಸುವುದಿಲ್ಲ. ಬೇರೆ ಹೋದರೆ ಹಿರಿಯರ ವಾದವನ್ನೇ ಒಪ್ಪಿದ ಹಾಗೆ: 'ನೀವು ಬೇರೆ, ನಾವು ಬೇರೆ.' ಸಂಘ-ಸಂಸ್ಥೆಗಳಲ್ಲಿ ಮನಸ್ತಾಪ ಬಂದ ಕೂಡಲೇ ಇನ್ನೊಂದು ಸಂಘ ರಿಜಿಸ್ಟರ್ ಮಾಡಿಸುವ ಚಾಳಿ ನಮ್ಮಲ್ಲೂ ಇದೆ. ಬೆಂಗಳೂರಿನ ಬಡಾವಣೆಗಳಲ್ಲಿ ಎಣಿಸಿ ನೋಡಿ, ಸಾಕು. ಹಾಗೆ ಒಡೆದು ಹೋದಾಗ ಹಳೆಯ ಸಂಘ ಒಂದಿಂಚೂ ಬದಲಾಗುವುದಿಲ್ಲ.

ಬಂದದ್ದು ಎಷ್ಟು, ಬಾರದ್ದು ಎಷ್ಟು

ಗೆಲುವು ಒಂದೇ ದಿನ ಬರಲಿಲ್ಲ. ಕಂತುಕಂತಾಗಿ ಬಂತು. 1930ರ ದಶಕದಲ್ಲಿ ಮೊದಲು ಒಳಗೆ ಬೆಂಚಿನ ಮೇಲೆ ಕೂರಲು ಜಾಗ ಸಿಕ್ಕಿತು. ಅದೂ ಹಿಂದಿನ ಸಾಲುಗಳಲ್ಲಿ. ಟೋರಾ ಓದುವ ಮರ್ಯಾದೆಗಳು ನಿಧಾನವಾಗಿ, ಒಂದೊಂದೇ ಸಂದರ್ಭಕ್ಕೆ ಬಿಟ್ಟುಕೊಟ್ಟು, 1940ರ ದಶಕದ ಹೊತ್ತಿಗೆ ಹೆಚ್ಚುಕಡಿಮೆ ದಕ್ಕಿದವು. 1937ರಲ್ಲಿ ಕೊಚ್ಚಿಗೆ ಬಂದು ಅಧ್ಯಯನ ಮಾಡಿದ ಅಮೆರಿಕದ ಮಾನವಶಾಸ್ತ್ರಜ್ಞ ಡೇವಿಡ್ ಮ್ಯಾಂಡೆಲ್‌ಬಾಮ್ ಹಳೆಯ ಕಟ್ಟುಪಾಡುಗಳಲ್ಲಿ ಎಷ್ಟೋ ಸಡಿಲವಾಗಿರುವುದನ್ನು ಗುರುತಿಸಿದ್ದರು.

ಹಿರಿಯರು ಯಾಕೆ ಬಗ್ಗಿದರು? ಸೇಲಂ ಅವರ ಹಟ ಒಂದು ಕಾರಣ. ಸುತ್ತಲಿನ ಗಾಳಿ ಇನ್ನೊಂದು. ಗುರುವಾಯೂರಿನ ಬಾಗಿಲ ಬಗ್ಗೆ ದೇಶವೆಲ್ಲ ಮಾತಾಡುವಾಗ, 'ನಮ್ಮಲ್ಲಿ ಜಾತಿ ಇಲ್ಲ' ಅನ್ನುವ ಧರ್ಮದವರು ಬಾಗಿಲಲ್ಲಿ ಒಬ್ಬ ವಕೀಲರನ್ನು, ಶಾಸನ ಸಭೆಯ ಸದಸ್ಯರನ್ನು ನೆಲದ ಮೇಲೆ ಕೂರಿಸುವುದು ಮುಜುಗರದ ವಿಷಯವೇ. ಮೂರನೆಯ ಕಾರಣ ಸಂಖ್ಯೆ. ಪರದೇಸಿಗಳು ಯಾವತ್ತೂ ಬೆರಳೆಣಿಕೆಯ ಮನೆತನಗಳು. ಅಷ್ಟು ಚಿಕ್ಕ ಗುಂಪು ತನ್ನವರನ್ನೇ ಎಷ್ಟು ಕಾಲ ದೂರ ಇಡಲು ಸಾಧ್ಯ? ಇದು ನನ್ನ ಊಹೆ. ಆದರೆ ಚಿಕ್ಕ ಸಮುದಾಯಗಳನ್ನು ಹತ್ತಿರದಿಂದ ನೋಡಿದವರು ಒಪ್ಪುತ್ತಾರೆ ಅಂದುಕೊಂಡಿದ್ದೇನೆ.

ಹಿರಿಯರ ಕಡೆಯ ಮಾತನ್ನೂ ಕೇಳಬೇಕು. ಅವರನ್ನು ದುಷ್ಟರು ಅಂತ ಬರೆದುಬಿಡುವುದು ಸುಲಭ. ಅವರು ಸ್ವಂತ ದುಡ್ಡು ಹಾಕಿ ಸಿನಗಾಗ್ ಉಳಿಸಿಕೊಂಡವರು. 1662ರಲ್ಲಿ ಪೋರ್ಚುಗೀಸರು ಹಾಳುಗೆಡವಿದ ಕಟ್ಟಡವನ್ನು ಮತ್ತೆ ನಿಲ್ಲಿಸಿದ ಮನೆತನಗಳ ವಾರಸುದಾರರು. 1760ರ ಹೊತ್ತಿಗೆ ಗಡಿಯಾರದ ಗೋಪುರ ಎಬ್ಬಿಸಿ, ಆ ಟೈಲ್ಸ್ ಹಾಕಿಸಿದ ಎಜ್ಕಿಯೆಲ್ ರಹಬಿ ಇವರ ಪೈಕಿಯೇ. 'ನಾವು ಕಟ್ಟಿದ್ದು, ನಾವು ಹೇಳಿದ ಹಾಗೆ' ಅನ್ನುವುದು ದುಡಿದವರ ಬಾಯಲ್ಲಿ ಬರುವ ಮಾತು. ಸುಮ್ನೆ ಕೂತು ಅಧಿಕಾರ ಚಲಾಯಿಸಿದವರಲ್ಲ. ಕಷ್ಟ ಇರುವುದೂ ಅಲ್ಲೇ. ಬಿಟ್ಟಿ ದುಡಿದವರಿಗೆ ಎದುರು ಹೇಳುವುದು ಸಂಬಳದವರಿಗೆ ಹೇಳಿದಷ್ಟು ಸುಲಭ ಅಲ್ಲ. ಅವರ ಸೇವೆಯನ್ನೇ ತೆಗೆದು ಮುಂದೆ ಇಡುತ್ತಾರೆ.

ಇಡೀ ಹೋರಾಟ ಗಂಡಸರ ಬೆಂಚಿನ ಬಗ್ಗೆ, ಗಂಡಸರ ಓದಿನ ಬಗ್ಗೆ. ಹೆಂಗಸರು ಮೇಲಿನ ಗ್ಯಾಲರಿಯಲ್ಲಿ ಇರುತ್ತಿದ್ದರು. ಕೇರಳದ ಸಿನಗಾಗ್‌ಗಳಲ್ಲಿ ಒಂದು ವಿಶೇಷ ಇದೆ. ಕೆಳಗಿನ ಪೀಠದ ಜೊತೆಗೆ ಮೇಲೆ, ಹೆಂಗಸರ ಜಾಗದ ಮುಂದೆಯೇ, ಇನ್ನೊಂದು ಪೀಠ ಇರುತ್ತದೆ. ಸಬ್ಬತ್ ಮತ್ತು ಹಬ್ಬಗಳ ದಿನ ಟೋರಾ ಓದುತ್ತಿದ್ದದ್ದು ಅಲ್ಲಿಂದ. ಅಂದರೆ ಓದು ಹೆಂಗಸರ ಕಿವಿಗೆ ಗಂಡಸರಿಗಿಂತ ಹತ್ತಿರ. ಕೊಚ್ಚಿಯ ಯೆಹೂದಿ ಹೆಂಗಸರು ಹೀಬ್ರೂ ಬಲ್ಲವರು. ಮಲಯಾಳಂ ಹಾಡುಗಳನ್ನು ನೋಟ್‌ಬುಕ್‌ಗಳಲ್ಲಿ ಬರೆದಿಟ್ಟುಕೊಂಡು ಮದುವೆ, ಹಬ್ಬಗಳಲ್ಲಿ ಹಾಡುತ್ತಿದ್ದವರು. ಆದರೂ ಎಣಿಕೆಯ ಹತ್ತರಲ್ಲಿ ಅವರಿಲ್ಲ. ಸೇಲಂ ಕೇಳಿದ ಸಮಾನತೆ ಆ ಗ್ಯಾಲರಿಯ ಮೆಟ್ಟಿಲು ಹತ್ತಲಿಲ್ಲ. ಕಾಲ ಅಂಥದ್ದು ಅನ್ನಬಹುದು. ಅಮೆರಿಕದಲ್ಲಿ ಕನ್ಸರ್ವೇಟಿವ್ ಪಂಥದವರು ಹೆಂಗಸರನ್ನು ಮಿನ್ಯಾನ್‌ನಲ್ಲಿ ಎಣಿಸಬಹುದು ಅಂತ ಒಪ್ಪಿದ್ದು 1973ರಲ್ಲಿ.

ಬೆಂಚು ಸಿಕ್ಕ ಮೇಲೂ ಉಳಿದ ಗೋಡೆ ಮದುವೆಯದ್ದು. 1950ರಲ್ಲಿ ಸೇಲಂ ಅವರ ಮಗನೊಬ್ಬ ಪರದೇಸಿ ಮನೆತನದ ಹುಡುಗಿಯನ್ನು ಮದುವೆಯಾದ. ಮದುವೆ ಆದದ್ದು ಕೊಚ್ಚಿಯಲ್ಲಲ್ಲ, ಮುಂಬೈಯಲ್ಲಿ. ಊರಲ್ಲಿ ಮಾಡಲು ಬಿಡಲಿಲ್ಲ. ಇಬ್ಬರೂ ಒಂದೇ ಸಿನಗಾಗ್‌ನವರು. ಅಪ್ಪನಿಗೆ ಟೋರಾ ಮುಂದೆ ನಿಲ್ಲುವ ಹಕ್ಕು ಬಂದಾಗಿತ್ತು. ಆದರೂ ಹೀಗೆ. ಕಮಿಟಿ ನಿರ್ಣಯದಿಂದ ಬೆಂಚು ಕೊಡಿಸಬಹುದು. ಸಂಬಂಧ ಕೊಡಿಸಲು ಆಗುವುದಿಲ್ಲ. ಕೊನೆಗೆ ಆ ಗೋಡೆಗೆ ಮೊದಲ ಬಿರುಕು ಬಿಟ್ಟದ್ದು ಹಿರಿಯರ ನಿರ್ಣಯದಿಂದ ಅಲ್ಲ, ಇಬ್ಬರು ಎಳೆಯರ ಹಟದಿಂದ.

ಈ ಹೊತ್ತಿಗೆ ಸೇಲಂ ಅವರ ಗಮನ ಬೇರೆ ಕಡೆ ಹೊರಳಿತ್ತು. 1933ರಲ್ಲೇ ಪ್ಯಾಲೆಸ್ಟೈನ್ ನೋಡಿ ಬಂದಿದ್ದರು. ಇಸ್ರೇಲ್ ಆದ ಮೇಲೆ ಹೋಗಬೇಕು ಅನ್ನುವ ಆಸೆ ಮಲಬಾರಿ ಯೆಹೂದಿಗಳಲ್ಲಿ ಜೋರಾಯಿತು. ಅಡ್ಡಿಗಳೂ ಇದ್ದವು. 1953ರಲ್ಲಿ ಸೇಲಂ ಇಸ್ರೇಲ್‌ಗೆ ಹೋಗಿ ಅವರ ಪರವಾಗಿ ಮಾತಾಡಿದರು. 1955ರ ಹೊತ್ತಿಗೆ ಅವರಲ್ಲಿ ಬಹುಪಾಲು ಜನ ಹೊರಟುಹೋದರು. ಎಪ್ಪತ್ತು ದಾಟಿದ ಮುದುಕ, ತನ್ನ ಸಿನಗಾಗ್‌ನವರೂ ಅಲ್ಲದ ಜನರಿಗಾಗಿ ಸಮುದ್ರ ದಾಟಿ ಹೋಗಿ ಅಧಿಕಾರಿಗಳ ಜೊತೆ ಚೌಕಾಸಿ ಮಾಡಿದ್ದು. ಬೆಂಚಿನ ಹೋರಾಟಕ್ಕಿಂತ ಇದೇ ದೊಡ್ಡ ಕೆಲಸ ಅನ್ನುವವರೂ ಇದ್ದಾರೆ. ಕೆಲಸದ ಗಾತ್ರ ನೋಡಿದರೆ ಹೌದು. ಆದರೆ ತನ್ನವರಲ್ಲದ ಆಫೀಸಿನವರ ಎದುರು ವಾದ ಮಾಡುವುದು ವಕೀಲರಿಗೆ ದಿನದ ಕಸುಬು.

ಅವರು ಮಾತ್ರ ಕೊಚ್ಚಿ ಬಿಡಲಿಲ್ಲ. 1967ರಲ್ಲಿ ತೀರಿಕೊಂಡರು. ಮುಂದಿನ ವರ್ಷ ಸಿನಗಾಗ್‌ಗೆ ನಾನೂರು ತುಂಬಿದಾಗ ಪ್ರಧಾನಿ ಇಂದಿರಾ ಗಾಂಧಿ ಬಂದು ಸಮಾರಂಭದಲ್ಲಿ ಭಾಗವಹಿಸಿದರು.

ಈಗ ಸೇಲಂ ಅವರನ್ನು 'ಯೆಹೂದಿ ಗಾಂಧಿ' ಎಂದು ಕರೆಯುವ ರೂಢಿ ಇದೆ. ಪತ್ರಿಕೆಗಳಿಗೆ ತಲೆಬರಹಕ್ಕೆ ಅನುಕೂಲ. ನನಗೆ ಆ ಹೆಸರು ಅಷ್ಟಾಗಿ ಒಗ್ಗುವುದಿಲ್ಲ. ಗಾಂಧೀಜಿ ಎದುರಿಗೆ ಸರ್ಕಾರ ಇತ್ತು, ಬೆನ್ನಿಗೆ ಸಾವಿರಾರು ಜನ. ವೈಕಂನಲ್ಲಿ ನಿಂತವರಿಗೂ ದೇಶದ ಕಣ್ಣಿತ್ತು, ದೇಣಿಗೆ ಇತ್ತು, ಸರದಿಯಲ್ಲಿ ನಿಲ್ಲಲು ಸ್ವಯಂಸೇವಕರಿದ್ದರು. ಸೇಲಂ ಎದುರಿಗೆ ಇದ್ದದ್ದು ಒಂದೇ ಬೀದಿಯ ಕೆಲವು ಮನೆಗಳು. ಹುಟ್ಟಿದಾಗಿನಿಂದ ನೋಡಿದ ಮುಖಗಳು, ಬೆಳಗಾದರೆ ಎದುರಾಗುವವರು. ಬೆನ್ನಿಗೆ ಇದ್ದದ್ದು ಮನೆಯವರು ಮತ್ತು ಒಂದಷ್ಟು ಬಂಧುಗಳು. ಅವರ ಹಿಂದೆ ಸಂಘಟನೆ ಇರಲಿಲ್ಲ. ಅವರೂ ಒಂದನ್ನು ಕಟ್ಟಿ ಬಿಟ್ಟುಹೋಗಲಿಲ್ಲ. ಆ ಕೊರತೆಯನ್ನು ಅವರ ಲೆಕ್ಕಕ್ಕೇ ಬರೆಯಬೇಕು. ಹಕ್ಕುಗಳು ಬಂದವು. ಆದರೆ ಮದುವೆಯ ವಿಷಯದಲ್ಲಿ ಹಿರಿಯರ ಜೊತೆ ಮತ್ತೆ ಕೂತು ಮಾತಾಡುವ ಎರಡನೆಯ ಸಾಲಿನ ಮುಂದಾಳು ಯಾರೂ ತಯಾರಾಗಿರಲಿಲ್ಲ. ಅಷ್ಟರಲ್ಲಿ ಬೀದಿಯ ಎಳೆಯರು ಇಸ್ರೇಲ್ ಕಡೆಗೋ ಬೇರೆ ದೇಶಗಳ ಕಡೆಗೋ ಗಂಟುಮೂಟೆ ಕಟ್ಟತೊಡಗಿದ್ದರು.